ಮೇಲಿನವರು ಬರೆದದ್ದು

ಊರಿನ ಶಾಲೆಯ ಆರನೇ ತರಗತಿಯ ಪೋಷಕರಿಗೆಂದು ಫೋನಿನಲ್ಲಿ ಒಂದು ಗುಂಪಿತ್ತು. ಮೇಷ್ಟ್ರು ಅದರಲ್ಲಿ ಏನಾದರೂ ಹಾಕಿದರೆಂದರೆ ಸಾಕು, ನಲವತ್ತೊಂದು ಮನೆಯವರೂ ಒಬ್ಬರ ಕೆಳಗೊಬ್ಬರು ಸಾಲಾಗಿ ಬರೆಯಬೇಕು: 'ತಲುಪಿತು. ಮೇಷ್ಟ್ರೇ, ನಿಮಗೆ ತುಂಬ ಶ್ರಮ.' ನಾಳೆ ಮಕ್ಕಳಿಗೆ ಬಿಳಿ ಷೂ ಹಾಕಿಸಿ ಎಂದರೂ ತಲುಪಿತು, ಹೊಳೆ ಏರಿದೆ, ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿ ಎಂದರೂ ತಲುಪಿತು. ಬರೆಯದವರ ಹೆಸರನ್ನು ಸಂಜೆಯೊಳಗೆ ಎಲ್ಲರೆದುರಿಗೆ ಕೂಗಿ ಹೇಳಲಾಗುತ್ತಿತ್ತು. ನಲವತ್ತೊಂದು 'ತಲುಪಿತು'ಗಳ ಅಡಿಯಲ್ಲಿ ಮೇಷ್ಟ್ರು ಹೇಳಿದ್ದೇ ಹೂತುಹೋಗುತ್ತಿತ್ತು, ಅದು ಬೇರೆ ಮಾತು.

ಈ ಸಾಲಿನಲ್ಲಿ ಲಾಮೇ ಅಜ್ಜಿಯ ಉತ್ತರ ಯಾವಾಗಲೂ ಮೊದಲ ಐದರೊಳಗೆ ಇರುತ್ತಿತ್ತು. ಆದರೆ ಮೊದಲನೆಯದಾಗಿ ಒಂದು ದಿನವೂ ಇರಲಿಲ್ಲ. ಅದನ್ನು ಯಾರೂ ಗಮನಿಸಿರಲಿಲ್ಲ. ಚೀನಾದ ಹುನಾನ್ ಪ್ರಾಂತ್ಯದ ಪಶ್ಚಿಮದ ಬೆಟ್ಟಗಳ ನಡುವೆ, ಹೊಳೆಯ ಸೇತುವೆಯ ಬುಡದಲ್ಲಿ ಅವಳದೊಂದು ಅಕ್ಕಿ ಶಾವಿಗೆಯ ಅಂಗಡಿ. ಮಗ ಸಮುದ್ರದಂಚಿನ ಊರಿನಲ್ಲಿ ಹಡಗು ಕಟ್ಟುವ ಕೆಲಸದಲ್ಲಿದ್ದ. ಸೊಸೆ ಬೇರೆ ಮದುವೆಯಾಗಿ ಹೋಗಿ ಏಳು ವರ್ಷವಾಗಿತ್ತು. ಮನೆಯಲ್ಲಿದ್ದವರು ಅಜ್ಜಿ ಮತ್ತು ಮೊಮ್ಮಗಳು ಮಾನ್ಲಿ, ಇಬ್ಬರೇ.

ಲಾಮೇಗೆ ಓದು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಎಂಟೇ ಎಂಟು ದಿನ ಶಾಲೆಗೆ ಹೋಗಿದ್ದಳು. ಒಂಬತ್ತನೆಯ ದಿನ ತಮ್ಮ ಹುಟ್ಟಿದ, ಅವನನ್ನು ಬೆನ್ನಿಗೆ ಕಟ್ಟಿ ಇವಳನ್ನು ಮನೆಯಲ್ಲಿ ಕೂರಿಸಿದರು. ಆದರೆ ಮಗನ ಶಾಲೆಯಲ್ಲಿ ಯಾರೋ ಕೇಳಿದಾಗ ಐದನೇ ತರಗತಿಯವರೆಗೆ ಓದಿದ್ದೇನೆ ಎಂದುಬಿಟ್ಟಿದ್ದಳು. ಆ ಸುಳ್ಳನ್ನು ಮೂವತ್ತು ವರ್ಷ ಸಾಕಿಕೊಂಡು ಬಂದಿದ್ದಳು. ಸಂತೆಯಲ್ಲಿ ಓದುವ ಕನ್ನಡಕವೊಂದನ್ನು ಕೊಂಡು ಕತ್ತಿಗೆ ನೇತುಹಾಕಿಕೊಂಡಿದ್ದಳು. ಮೊಮ್ಮಗಳಿಗೂ ಈ ಗುಟ್ಟು ಗೊತ್ತಿರಲಿಲ್ಲ. ದಿನಾ ಸಂಜೆ ಮಾನ್ಲಿ ಶಾಲೆಯಿಂದ ಬಂದ ಮೇಲೆ ಫೋನು ಅವಳ ಕೈಗೆ ಕೊಟ್ಟು, "ಗುಂಪಿನಲ್ಲಿ ಬಂದಿರೋದನ್ನೆಲ್ಲ ಗಟ್ಟಿಯಾಗಿ ಓದು. ಗಟ್ಟಿಯಾಗಿ ಓದಿದ್ರೇನೇ ನಾಲಿಗೆ ತಿರುಗೋದು" ಎನ್ನುತ್ತಿದ್ದಳು. ಹುಡುಗಿ ಅದನ್ನು ಅಜ್ಜಿಯ ಶಿಸ್ತು ಎಂದುಕೊಂಡು ಓದುತ್ತಿದ್ದಳು.

ಹಗಲು ಬರುವ ಸಂದೇಶಗಳಿಗೆ ಲಾಮೇ ತಾನೇ ಒಂದು ದಾರಿ ಕಂಡುಕೊಂಡಿದ್ದಳು. ಯಾರಾದರೂ ಉತ್ತರ ಹಾಕುವವರೆಗೆ ಕಾಯುವುದು, ಹಾಕಿದ ಕೂಡಲೇ ಅದರ ಮೇಲೆ ಬೆರಳಿಟ್ಟು ಒತ್ತಿಹಿಡಿಯುವುದು, ಎತ್ತಿಕೊಂಡು ಬಂದು ಕೆಳಗೆ ಹಾಕುವುದು. ಮಕ್ಕಳ ಹೆಸರಿರುವ ಸಾಲಾದರೆ, ಅಂಕಿಯ ಪಕ್ಕದಲ್ಲಿರುವ ಹೆಸರನ್ನು ಅಳಿಸಿ, ಗಾಜಿನ ಮೇಲೆ ಬೆರಳಿನಿಂದ ಗೀಚಿ ಮಾನ್ಲಿಯ ಹೆಸರು ಕೂರಿಸಬೇಕು. ಮನೆತನದ ಹೆಸರೂ ಸೇರಿ ಅದರ ಮೂರು ಚೀನೀ ಅಕ್ಷರಗಳ ಚಹರೆ ಅವಳಿಗೆ ಬಾಯಿಪಾಠವಾಗಿತ್ತು. ಅಂಕಿಗಳಂತೂ ವ್ಯಾಪಾರದವಳಿಗೆ ಬಂದೇ ಬರುತ್ತವೆ. ಒಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ, ಏಕೆಂದರೆ ಒಂದು ವರ್ಷದಿಂದ ಎಲ್ಲರೂ ಒಂದನ್ನೇ ಬರೆಯುತ್ತಿದ್ದರು.

ಫೋನನ್ನು ಬೈಯುವವರು ಬೈಯಲಿ, ಮಾನ್ಲಿಗೆ ಲೆಕ್ಕ ಬಂದದ್ದು ಅದರಿಂದಲೇ. ಸಾವಿರ ಮೈಲಿಯಾಚೆಯ ಯಾವುದೋ ಊರಿನ ಮೇಡಂ ಒಬ್ಬರು ಚಕ್ಕೋತ ಹಣ್ಣು ಕೊಯ್ದು ಭಿನ್ನರಾಶಿ ಹೇಳಿಕೊಡುವ ವಿಡಿಯೋ ಹಾಕುತ್ತಿದ್ದರು. ಅಂಗಡಿಯ ಮೂಲೆಯಲ್ಲಿ ಕೂತು ಹುಡುಗಿ ಅದನ್ನು ಮತ್ತೆ ಮತ್ತೆ ನೋಡುತ್ತಿದ್ದಳು.

"ಹಣ್ಣು ಕೊಯ್ಯೋದನ್ನ ನೋಡಿದ್ರೆ ಲೆಕ್ಕ ಬರೋ ಹಾಗಿದ್ರೆ ಸಂತೆಯಲ್ಲಿರೋರೆಲ್ಲ ಪ್ರೊಫೆಸರ್ ಆಗ್ಬೇಕಿತ್ತು" ಎಂದು ಲಾಮೇ ಗೊಣಗುತ್ತಿದ್ದಳು. ಹುಡುಗಿ ಲೆಕ್ಕ ಬಿಟ್ಟು ಕುಣಿಯುವ ಹುಡುಗಿಯರ ವಿಡಿಯೋ ನೋಡುವುದೂ ಇತ್ತು. ಆಗ ಫೋನು ಕಿತ್ತುಕೊಂಡು ಅಕ್ಕಿ ಡಬ್ಬದೊಳಗೆ ಬಚ್ಚಿಡುತ್ತಿದ್ದಳು.

ಆ ವರ್ಷ ಪಟ್ಟಣದ ದೊಡ್ಡ ವಸತಿ ಶಾಲೆಯವರು ಬೆಟ್ಟದ ಊರುಗಳ ಮಕ್ಕಳಿಗೆ ಪರೀಕ್ಷೆ ಇಟ್ಟರು. ಈ ಊರಿಗೆ ಮೂರು ಸೀಟು ಸಿಕ್ಕಿದವು. ಮೂರನೆಯದು ಮಾನ್ಲಿಗೆ ಬಂತು. ಸುದ್ದಿ ಬಂದ ಸಂಜೆ ಲಾಮೇ ಅಂಗಡಿಗೆ ಬಂದವರಿಗೆಲ್ಲ ಕೇಳದೆಯೇ ಒಂದು ಮೊಟ್ಟೆ ಹೆಚ್ಚಿಗೆ ಹಾಕಿಕೊಟ್ಟಳು. ಆದರೆ ಹೊಗಳಿದರೆ ಮಗುವಿಗೆ ದೃಷ್ಟಿಯಾದೀತು ಎಂದುಕೊಂಡಳೋ ಏನೋ, ಮೊಮ್ಮಗಳ ಎದುರಿಗೆ ಆಡಿದ ಮಾತು ಬೇರೆ.

"ನೀನೇನೋ ಪಟ್ಟಣದಲ್ಲಿ ಮಹಾರಾಣಿ ಹಾಗೆ ಕೂತ್ಕೋತೀಯ. ಇಲ್ಲಿ ಬಟ್ಟಲು ತೊಳೆಯೋರು ಯಾರು?"

"ನೀನೇ ತೊಳ್ಕೋ. ಇಲ್ಲಾಂದ್ರೆ ಗಿರಾಕಿಗಳಿಗೆ ನೆಕ್ಕಿಟ್ಟು ಹೋಗಿ ಅನ್ನು" ಎಂದಳು ಮಾನ್ಲಿ. ಇಬ್ಬರೂ ನಕ್ಕರು. ಆ ಮಾತು ಹಾಗೆ ಹುಡುಗಿಯ ತಲೆಯಲ್ಲಿ ಉಳಿಯುತ್ತದೆಂದು ಲಾಮೇಗೆ ಹೇಗೆ ಗೊತ್ತಾಗಬೇಕು.

ನಾಲ್ಕು ದಿನ ಕಳೆದು, ಬೆಳಗಿನ ವ್ಯಾಪಾರ ಜೋರಾಗಿದ್ದ ಹೊತ್ತಿನಲ್ಲಿ ಫೋನು ಸದ್ದು ಮಾಡಿತು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು, ಬಸ್ಸಿಗೆ ಹೋಗುವವರು ಬಟ್ಟಲು ಹಿಡಿದು ನಿಂತಿದ್ದರು. ಲಾಮೇ ಕೈ ಒರೆಸಿಕೊಂಡು ನೋಡಿದಳು. ಮೇಷ್ಟ್ರ ಚಿತ್ರ, ಅದರ ಪಕ್ಕ ಉದ್ದನೆಯ ಬರಹ, ಒಳಗೆ ಮೂರು ಮಕ್ಕಳ ಹೆಸರು. ಮೂರನೆಯದು ಮಾನ್ಲಿಯದು. ಇನ್ನೊಂದು ಕಡೆ ಹನ್ನೆರಡು ಎಂಬ ಅಂಕಿ. ಮಧ್ಯಾಹ್ನ ಹನ್ನೆರಡರೊಳಗೆ ಉತ್ತರ ಕೊಡಬೇಕೆಂದು ಅಷ್ಟರಿಂದಲೇ ಊಹಿಸಿದಳು.

ಸ್ವಲ್ಪ ಹೊತ್ತಿಗೆ ಒಂದನೆಯ ಮಗುವಿನ ಮನೆಯವರು ಉತ್ತರ ಹಾಕಿದರು. ಎರಡನೆಯದಾಗಿ ಹಂದಿ ವ್ಯಾಪಾರದ ಚಿನ್ ಹಾಕಿದ. ಅವನ ಚಿತ್ರದಲ್ಲಿ ಲಾರಿಯ ಮುಂದೆ ಅವನೇ ಸೊಂಟಕ್ಕೆ ಕೈಯಿಟ್ಟು ನಿಂತಿರುವುದರಿಂದ ಗುರುತು ಸುಲಭ. ಲಾಮೇ ಪದ್ಧತಿಯಂತೆ ತನ್ನ ಮೇಲಿನವನದನ್ನೇ ಎತ್ತಿಕೊಂಡಳು. ಎರಡನ್ನು ಅಳಿಸಿ ಮೂರು ಮಾಡಿದಳು. ಚಿನ್‌ನ ಮಗನ ಹೆಸರು ತೆಗೆದು ಮಾನ್ಲಿಯ ಹೆಸರು ಕೂರಿಸಿದಳು. ಕಳಿಸುವ ಮುಂಚೆ ಮೊದಲನೆಯ ಸಾಲಿಗಿಂತ ಇದು ಒಂದಿಷ್ಟು ಉದ್ದವಾಗಿದೆಯಲ್ಲ ಎಂದು ಅನುಮಾನ ಬಂತು. ಅಂದು ಅಂಗಡಿಯಲ್ಲಿ ದರ್ಜಿ ವು ಅಕ್ಕ ಶಾವಿಗೆ ತಿನ್ನುತ್ತ ಕೂತಿದ್ದಳು. ಚೆನ್ನಾಗಿ ಓದಿದವಳು. ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

"ಏನದು, ಅಷ್ಟೊಂದು ಹೊತ್ತು ನೋಡ್ತಿದೀಯ?" ಎಂದು ವು ಅಕ್ಕ ತಾನಾಗಿ ಕೇಳಿಯೂ ಕೇಳಿದಳು.

"ಏನಿಲ್ಲ, ಮೇಷ್ಟ್ರದು. ಸೀಟಿನ ವಿಚಾರ" ಎಂದು ಲಾಮೇ ಕನ್ನಡಕ ಸರಿಮಾಡಿಕೊಂಡು, ಚಿನ್ ಬಹಳ ಮರ್ಯಾದೆಯಿಂದ ಬರೆದಿರಬೇಕು ಎಂದುಕೊಂಡು ಗುಂಡಿ ಒತ್ತಿದಳು. ಆಮೇಲೆ ಹಿಟ್ಟು ಒತ್ತುವುದಕ್ಕೆ ಹೋದಳು.

ಸಂಜೆ ಮಾನ್ಲಿ ಬಂದು ಚೀಲ ಇಳಿಸಿ, ಎಂದಿನಂತೆ ಫೋನು ಹಿಡಿದು ಗಟ್ಟಿಯಾಗಿ ಓದತೊಡಗಿದಳು. "ಪಟ್ಟಣದ ಶಾಲೆಗೆ ಆಯ್ಕೆಯಾದ ಮೂವರ ಮನೆಯವರು ಒಪ್ಪಿಗೆ ಇದೆಯೋ ಇಲ್ಲವೋ ಎಂದು ಹನ್ನೆರಡು ಗಂಟೆಯೊಳಗೆ ತಿಳಿಸಬೇಕು. ಒಂದು, ಲೀ ಶಾನ್, ಒಪ್ಪಿಗೆ ಇದೆ. ಎರಡು, ಚಿನ್ ಹಾವ್, ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಡುತ್ತೇವೆ. ಮೂರು, ಪೆಂಗ್ ಮಾನ್ಲಿ, ಸ್ವಇಚ್ಛೆಯಿಂದ..."

ಅಲ್ಲಿಗೆ ದನಿ ನಿಂತಿತು. ಲಾಮೇ ಈರುಳ್ಳಿ ಸೊಪ್ಪು ಹೆಚ್ಚುತ್ತಿದ್ದವಳು ತಲೆಯೆತ್ತಿದಳು.

"ಸೀಟು ಬೇಡ ಅಂತ ಬರೆದಿದೀಯ" ಎಂದಳು ಮಾನ್ಲಿ. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳಬಹುದಿತ್ತು.

"ಇಲ್ಲ ಕಣೇ. ಕೈ ತಪ್ಪಿರ್ಬೇಕು. ಕೈ ಒದ್ದೆಯಿತ್ತು."

"ಕೈ ತಪ್ಪಿದ್ರೆ ಒಂದಕ್ಷರ ತಪ್ಪುತ್ತೆ ಅಜ್ಜೀ. ನನ್ನ ಹೆಸರು ಸರಿಯಾಗಿ ಬರೆದು, ಮುಂದೆ ಒಂದಿಡೀ ಸಾಲು ಬರೆದಿದೀಯ. ಕೊನೇಲಿ ಮೇಷ್ಟ್ರಿಗೆ ಥ್ಯಾಂಕ್ಸ್ ಬೇರೆ."

ನನಗೆ ಓದು ಬರುವುದಿಲ್ಲ ಮಗಳೇ ಎಂಬ ಮಾತು ಲಾಮೇಯ ಗಂಟಲವರೆಗೆ ಬಂತು. ಮೂವತ್ತು ವರ್ಷ ಅಡಗಿ ಕೂತಿದ್ದ ಮಾತು, ಅಷ್ಟು ಸುಲಭಕ್ಕೆ ಹೊರಗೆ ಬರುವುದುಂಟೇ? ನಾಳೆ ಮೇಷ್ಟ್ರ ಹತ್ತಿರ ಮಾತಾಡಿ ಸರಿಮಾಡಿಸುತ್ತೇನೆ ಎಂದಷ್ಟೇ ಹೇಳಿದಳು.

ಮಾನ್ಲಿ ಎದ್ದು ತೊಟ್ಟಿಯ ಹತ್ತಿರ ಕೂತು ಬಟ್ಟಲು ತೊಳೆಯತೊಡಗಿದಳು. ಒಂದೊಂದನ್ನೂ ಎರಡೆರಡು ಸಲ ತೊಳೆದು, ಒರೆಸಿ, ಸಾಲಾಗಿ ಇಟ್ಟಳು. "ನೋಡ್ಕೋ. ತೊಳೆಯೋಳು ಎಲ್ಲೂ ಹೋಗಲ್ಲ" ಎಂದಳು.

ಮರುದಿನ ಲಾಮೇ ಅಂಗಡಿ ತೆರೆಯಲಿಲ್ಲ. ಸೇತುವೆ ದಾಟಿದರೆ ಶಾಲೆ, ಅಂಗಡಿಯಿಂದಲೇ ಅದರ ಗೇಟು ಕಾಣುತ್ತಿತ್ತು. ಷಿಯಾಂಗ್ ಮೇಷ್ಟ್ರು ಮೂವತ್ತರ ಆಸುಪಾಸಿನ ಮನುಷ್ಯ, ಕೆಟ್ಟವರಲ್ಲ. ಇಡೀ ದಿನ ಪಾಠ ಮಾಡಿ, ಮಿಕ್ಕ ಹೊತ್ತಿನಲ್ಲಿ ಏಳು ಗುಂಪುಗಳಿಗೆ ಉತ್ತರ ಬರೆದು ಕಣ್ಣು ಕೆಂಪಗೆ ಮಾಡಿಕೊಂಡಿದ್ದರು. ಲಾಮೇ ಹೇಳಿದ್ದನ್ನು ಕೇಳಿ ಅವರ ಮುಖ ಸಪ್ಪಗಾಯಿತು.

"ಪಟ್ಟಿ ನೆನ್ನೆ ಮಧ್ಯಾಹ್ನಾನೇ ಹೋಯ್ತಲ್ಲಮ್ಮ. ಬಿಟ್ಟ ಸೀಟು ಮುಂದಿನ ಹೆಸರಿಗೆ ಹೋಗುತ್ತೆ."

"ಹೋಗೋ ಮುಂಚೆ ಒಂದು ಮಾತು ಕೇಳಬಾರದಿತ್ತಾ ಮೇಷ್ಟ್ರೇ? ಕಿಟಕಿಯಿಂದ ಕೂಗಿದ್ರೂ ನನಗೆ ಕೇಳಿಸ್ತಿತ್ತು."

ಮೇಷ್ಟ್ರು ಮೇಜಿನ ಮೇಲಿದ್ದ ಪೆನ್ನನ್ನು ಅತ್ತಿತ್ತ ಸರಿಸಿದರು. "ನೋಡಿದಾಗ ನನಗೂ ವಿಚಿತ್ರ ಅನ್ನಿಸ್ತು. ಫೋನ್ ಮಾಡೋಣ ಅಂದ್ಕೊಂಡೆ. ಆದ್ರೆ ಗುಂಪಿನಲ್ಲಿ ಎಲ್ಲರೆದುರಿಗೆ ಬರೆದಿದಾರಲ್ಲ, ಮನೆ ಕಷ್ಟ ಇರ್ಬೇಕು, ಕೇಳಿದ್ರೆ ಬೇಜಾರಾಗ್ತಾರೆ ಅಂತ ಬಿಟ್ಟೆ. ತಪ್ಪು ಮಾಡಿದೆ."

ಆಮೇಲೆ ಒಂದು ಹಾಳೆ ತೆಗೆದು ಅವಳ ಮುಂದಿಟ್ಟರು. "ಒಂದು ಪ್ರಯತ್ನ ಮಾಡೋಣ. ಹೇಗೆ ತಪ್ಪಾಯ್ತು ಅಂತ ನಿಮ್ಮ ಕೈಯಾರೆ ನಾಲ್ಕು ಸಾಲು ಬರೆದುಕೊಡಿ. ಇವತ್ತೇ ಪಟ್ಟಣಕ್ಕೆ ತಗೊಂಡು ಹೋಗ್ತೀನಿ."

ಲಾಮೇ ಪೆನ್ನು ಹಿಡಿದಳು. ಬಿಳಿಯ ಹಾಳೆಯನ್ನು ನೋಡುತ್ತ ಕೂತಳು. ಎತ್ತಿಕೊಳ್ಳೋಣವೆಂದರೆ ಅದರ ಮೇಲೆ ಯಾರೂ ಏನೂ ಬರೆದಿರಲಿಲ್ಲ.

"ನನಗೆ ಬರಿಯೋಕೆ ಬರಲ್ಲ ಮೇಷ್ಟ್ರೇ" ಎಂದಳು. "ಓದೋಕೂ ಬರಲ್ಲ."

"ಒಂದು ವರ್ಷದಿಂದ ನೀವು..."

"ಮೇಲಿನವರು ಬರೆದಿದ್ದನ್ನ ಎತ್ತಿ ಹಾಕ್ತಿದ್ದೆ. ಅಷ್ಟೇ."

ಮೇಷ್ಟ್ರು ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡರು. ಗುಂಪಿನಲ್ಲಿ ಎಲ್ಲರಿಗಿಂತ ಚುರುಕಿನ ಪೋಷಕರೆಂದು ಇವಳ ಹೆಸರನ್ನು ಅವರೇ ಎರಡು ಸಲ ಹೊಗಳಿ ಬರೆದಿದ್ದರು. ಆ ಹೊಗಳಿಕೆಗೂ ಇವಳು 'ತಲುಪಿತು' ಎಂದೇ ಉತ್ತರ ಕೊಟ್ಟಿದ್ದಳು. ಕೊನೆಗೆ, ಬಾಯಲ್ಲಿ ಹೇಳಿದರೂ ಆದೀತು, ನನ್ನ ಫೋನಿಗೆ ದನಿ ಕಳಿಸಿ, ಅದನ್ನೇ ಅವರಿಗೆ ಕೇಳಿಸುತ್ತೇನೆ ಎಂದರು.

"ನಿಮಗೊಬ್ಬರಿಗೆ ಬೇಡ. ಬೇಡ ಅಂತ ಬರೆದಿದ್ದನ್ನ ಊರೆಲ್ಲ ನೋಡಿದೆ. ಇದನ್ನೂ ಊರೆಲ್ಲ ಕೇಳ್ಲಿ. ಮಾನ್ಲಿಗೂ ಅದರಲ್ಲೇ ಸಿಗುತ್ತೆ."

ಸೇತುವೆಯ ಮಧ್ಯದಲ್ಲಿ, ಯಾರೂ ಇಲ್ಲದ ಕಡೆ ನಿಂತು ಲಾಮೇ ಗುಂಪು ತೆರೆದಳು. ಮಾತಿನ ಗುಂಡಿ ಒತ್ತಿಹಿಡಿದಳು.

"ನಾನು ಮಾನ್ಲಿ ಅಜ್ಜಿ, ಶಾವಿಗೆ ಅಂಗಡಿಯೋಳು. ನೆನ್ನೆ ಸೀಟು ಬೇಡ ಅಂತ ಹಾಕಿದ್ದು ನಾನೇ. ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿರ್ಲಿಲ್ಲ. ನನಗೆ ಓದು ಬರಲ್ಲ. ಐದನೇ ಕ್ಲಾಸು ಅಂತ ಹೇಳ್ಕೊಂಡಿದ್ದು ಸುಳ್ಳು. ಚಿನ್ ಹಾಕಿದ್ದನ್ನ ಎತ್ತಿ ಹಾಕ್ಬಿಟ್ಟೆ, ಅವನದೇನೂ ತಪ್ಪಿಲ್ಲ. ವು ಅಕ್ಕ ಪಕ್ಕದಲ್ಲೇ ಇದ್ಲು, ಕೇಳೋಕೆ ನಾಚಿಕೆಯಾಯ್ತು. ಆ ನಾಚಿಕೆಗೆ ಮಗು ಸೀಟು ಹೋಯ್ತು. ಮಾನ್ಲಿ, ನೀನು ಹೋಗೋದು ನನಗೆ ಬೇಡವಾಗಿರ್ಲಿಲ್ಲ ಕಣೇ. ಬಟ್ಟಲಿನ ಮಾತು ತಮಾಷೆಗೆ ಅಂದಿದ್ದು. ನಿನ್ನ ಹಾಸಿಗೆ ಕಟ್ಟೋಕೆ ಹಗ್ಗ ಕೂಡ ತಂದಿಟ್ಟಿದೀನಿ."

ಬೆರಳು ಬಿಟ್ಟಳು. ದನಿ ಹೋಯಿತು. ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ. ನಲವತ್ತೊಂದು ಮನೆಗಳ ಗುಂಪು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಲಾಮೇ ಅವಮಾನದಿಂದ ತಲೆ ತಗ್ಗಿಸಿಕೊಂಡು ಅಂಗಡಿಯವರೆಗೆ ನಡೆದಳು.

ಬಾಗಿಲು ತೆಗೆಯುವಾಗ ಫೋನು ಸದ್ದು ಮಾಡಿತು. ಬರಹವಲ್ಲ, ದನಿ. ಬೆಟ್ಟದ ಮೇಲೆ ಬಾತುಕೋಳಿ ಸಾಕುವ ಷೆಂಗ್ ತಾತನ ಒಡಕು ದನಿ.

"ತಾಯೀ, ನನಗೂ ಬರಲ್ಲ. ನಾನು ದಿನಾ ಎತ್ತಿ ಹಾಕೋದು ನಿನ್ನದನ್ನೇ. ನಿನ್ನದು ಯಾವಾಗ್ಲೂ ಸರಿಯಾಗಿರುತ್ತೆ ಅಂತ."

ಲಾಮೇಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಅವನ ಹಿಂದೆ ಇನ್ನೊಬ್ಬ ಅಜ್ಜಿಯ ದನಿ ಬಂತು, ಆಮೇಲೆ ಕಲ್ಲುಗಣಿಯಲ್ಲಿ ಕೆಲಸ ಮಾಡುವ ಒಬ್ಬ ಅಪ್ಪನದು. ಸಂಜೆಯಾಗುವಷ್ಟರಲ್ಲಿ ಹನ್ನೊಂದು ಮಂದಿ ತಮಗೂ ಓದು ಬರುವುದಿಲ್ಲ ಎಂದಿದ್ದರು. ಹೊಳೆ ಏರಿದೆ ಎಂದು ಮೇಷ್ಟ್ರು ಹಾಕಿದ್ದಾಗ 'ತಲುಪಿತು' ಎಂದವರಲ್ಲಿ ಆ ಹನ್ನೊಂದು ಮಂದಿಯೂ ಇದ್ದರು. ಅಂದು ಯಾವ ಮಗುವೂ ನೀರಿಗೆ ಇಳಿಯದೆ ಇದ್ದದ್ದು ಪುಣ್ಯ ಅಷ್ಟೇ.

ಆ ಸಂಜೆ ಮಾನ್ಲಿ ಅಜ್ಜಿಯ ದನಿಯನ್ನು ಅಂಗಡಿಯ ಹೊರಗೆ ನಿಂತು ಕೇಳಿದಳು. ಎರಡನೆಯ ಸಲ ಹಾಕಿಕೊಂಡು ಮತ್ತೆ ಕೇಳಿದಳು. ಒಳಗೆ ಬಂದು ಅಜ್ಜಿಯ ಎದುರಿಗೆ ಕೂತಳು.

"ಹಾಗಾದ್ರೆ ದಿನಾ ನನ್ನ ಕೈಲಿ ಗಟ್ಟಿಯಾಗಿ ಓದಿಸ್ತಿದ್ದಿದ್ದು?"

"ಹೂಂ. ಅದಕ್ಕೇ."

"ಈ ಕನ್ನಡಕ?"

"ಹಾಕ್ಕೊಂಡ್ರೆ ತಲೆ ನೋಯುತ್ತೆ."

ಹುಡುಗಿಗೆ ದುಃಖ ಒತ್ತರಿಸಿ ಬಂತು. ಸೀಟಿಗಾಗಿ ಅತ್ತಳೋ, ಅಜ್ಜಿಯನ್ನು ಅಂದದ್ದಕ್ಕಾಗಿ ಅತ್ತಳೋ, ಅಂತೂ ಹೊಟ್ಟೆ ತುಂಬ ಅತ್ತಳು. ಲಾಮೇ ಅವಳ ಬೆನ್ನು ಸವರುತ್ತ ಕೂತಳು.

ಷಿಯಾಂಗ್ ಮೇಷ್ಟ್ರು ಮೋಟಾರ್ ಸೈಕಲ್ಲಿನಲ್ಲಿ ಎರಡು ಸಲ ಪಟ್ಟಣಕ್ಕೆ ಹೋಗಿಬಂದರು. ದನಿಯನ್ನು ಅಲ್ಲಿಯವರಿಗೆ ಕೇಳಿಸಿದರು. ಅಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳಂತೆ, ಆದರೆ ಸೀಟು ಆಗಲೇ ಇನ್ನೊಂದು ಊರಿನ ಹುಡುಗಿಗೆ ಹೋಗಿತ್ತು. ಆ ಹುಡುಗಿಯಿಂದ ಕಿತ್ತುಕೊಡಿ ಎಂದು ಕೇಳುವ ಬಾಯಿ ಯಾರಿಗೆ ಬರುತ್ತದೆ? ಮಾನ್ಲಿಯೇ ಬೇಡ ಎಂದಳು. ಈ ಸಲ ಅದು ಅವಳದೇ ಮಾತಾಗಿತ್ತು. ಹಡಗಿನ ಕೆಲಸದ ಮಗ ಫೋನಿನಲ್ಲಿ ಎಲ್ಲ ಕೇಳಿದ. "ನನಗಾದ್ರೂ ಹೇಳಬಾರದಿತ್ತಾ ಅಮ್ಮಾ" ಎಂದ, ಅಷ್ಟೇ. ಹಂದಿ ವ್ಯಾಪಾರದ ಚಿನ್ ಒಂದು ದಿನ ಬಂದು, ಒಂದು ಬಟ್ಟಲು ಶಾವಿಗೆಯನ್ನು ತಲೆ ಎತ್ತದೆ ತಿಂದು, ತನ್ನ ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ.

ಅಂದಿನಿಂದ ಮೇಷ್ಟ್ರು ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿ ಕಳಿಸತೊಡಗಿದರು. ಬೇಸಿಗೆ ರಜೆಯಲ್ಲಿ ಲಾಮೇ ಮೊಮ್ಮಗಳ ಎದುರಿಗೆ ಹಲಗೆ ಹಿಡಿದು ಕೂತಳು. ನಿನ್ನ ಹೆಸರಿನಿಂದ ಶುರುಮಾಡೋಣ ಎಂದಳು ಮಾನ್ಲಿ.

"ನನ್ನ ಹೆಸರು ಎಲ್ಲಿಗೂ ಓಡಿಹೋಗಲ್ಲ. 'ಸ್ವಇಚ್ಛೆಯಿಂದ ಬಿಟ್ಟುಕೊಡುತ್ತೇವೆ' ಅಂತಿದೆಯಲ್ಲ, ಮೊದಲು ಅದನ್ನ ಕಲಿಸು. ಇನ್ನೊಂದ್ಸಲ ಎಲ್ಲಾದ್ರೂ ಸಿಕ್ಕಿದ್ರೆ ಗುರುತು ಹಿಡೀಬೇಕು."

ಮಾನ್ಲಿ ಕಲಿಸಿದಳು. ಆ ಸಾಲನ್ನು ಬರೆದು ಬರೆದು ಹಲಗೆ ಸವೆಯಿತು. ಕೆಲವು ದಿನ ಹುಡುಗಿ ಮಧ್ಯದಲ್ಲೇ ಎದ್ದು ಹೊಳೆಯ ಕಡೆ ಹೋಗಿಬಿಡುತ್ತಿದ್ದಳು. ಲಾಮೇ ಕರೆಯುತ್ತಿರಲಿಲ್ಲ, ಬರೆಯುತ್ತ ಕೂತಿರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮಾನ್ಲಿ ಬೆಟ್ಟದಾಚೆಯ ಮಾಧ್ಯಮಿಕ ಶಾಲೆಗೆ ಸೇರಿದಳು. ಒಂದು ಗಂಟೆಯ ನಡಿಗೆ. ಊರಿನ ಉಳಿದ ಮಕ್ಕಳೂ ಅಲ್ಲಿಗೇ ಸೇರಿದ್ದರು. ಅಲ್ಲಿ ಹೊಸ ಮೇಷ್ಟ್ರು, ಹೊಸ ಗುಂಪು. ಮೊದಲ ವಾರದಲ್ಲೇ ಉದ್ದನೆಯ ಸಂದೇಶವೊಂದು ಬಂತು. ಲಾಮೇ ಒಲೆ ಸಣ್ಣದು ಮಾಡಿ, ಕನ್ನಡಕವಿಲ್ಲದೆ ನೋಡಿದಳು. 'ಮಕ್ಕಳು' ಸಿಕ್ಕಿತು, 'ಸಂಜೆ' ಸಿಕ್ಕಿತು, 'ಮನೆ' ಸಿಕ್ಕಿತು. 'ಬಿಟ್ಟುಕೊಡುತ್ತೇವೆ' ಎಲ್ಲೂ ಇರಲಿಲ್ಲ. ಉಳಿದದ್ದು ಗೊತ್ತಾಗಲಿಲ್ಲ. ಕೆಳಗೆ ಆಗಲೇ ಆರು ಮಂದಿ ಉತ್ತರ ಹಾಕಿದ್ದರು. ಎಲ್ಲವೂ ಒಂದೇ ಆಗಿರಲಿಲ್ಲ. ಎರಡು ಉದ್ದ, ನಾಲ್ಕು ಗಿಡ್ಡ.

ಅವಳು ಯಾವುದನ್ನೂ ಎತ್ತಿಕೊಳ್ಳಲಿಲ್ಲ. ಗಾಜಿನ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದಳು. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬೇಸತ್ತು ಎದ್ದುಹೋದರು. ಹೋಗಲಿ ಎಂದುಕೊಂಡು ಕಳಿಸಿದಳು: 'ಓದಿದೆ. ಅರ್ಥವಾಗಲಿಲ್ಲ. ಬಾಯಲ್ಲಿ ಹೇಳಿ.'

ಸಂಜೆ ಮಾನ್ಲಿ ಬಂದು ಫೋನು ತೆಗೆದು ಗಟ್ಟಿಯಾಗಿ ಓದಿದಳು. ಸಂಜೆಯ ಪಾಠಕ್ಕೆ ಮಕ್ಕಳನ್ನು ಉಳಿಸಿಕೊಳ್ಳುವುದೋ, ಮನೆಗೆ ಕಳಿಸುವುದೋ ತಿಳಿಸಿ ಎಂಬ ಸಂದೇಶ. ಉಳಿಸಿಕೊಳ್ಳಿ, ಕಳಿಸಿ, ಕಳಿಸಿ ಎಂದು ಆರು ಉತ್ತರ. ಏಳನೆಯದು ಅಜ್ಜಿಯದು. ಅದರ ಕೆಳಗೆ ಷೆಂಗ್ ತಾತ. 'ಓದಿದೆ. ಅರ್ಥವಾಗಲಿಲ್ಲ. ಬಾಯಲ್ಲಿ ಹೇಳಿ.' ಅದರ ಕೆಳಗೆ ಇನ್ನೊಬ್ಬರು, ಅದೇ. ಇನ್ನೂ ಕೆಳಗೆ, ಅದೇ.

"ಅಜ್ಜೀ, ಒಂಬತ್ತು ಜನ ನಿನ್ನದನ್ನೇ ಎತ್ತಿ ಹಾಕಿದಾರೆ. ಓದಿ ಹಾಕಿದಾರೋ, ಸುಮ್ನೆ ಹಾಕಿದಾರೋ."

"ಹೇಗಾದ್ರೂ ಹಾಕ್ಲಿ" ಎಂದಳು ಲಾಮೇ.

ಕೊನೆಯಲ್ಲಿ ಹೊಸ ಮೇಷ್ಟ್ರ ದನಿ ಬಂದಿತ್ತು. ಮಾನ್ಲಿ ಅದನ್ನು ಒತ್ತಲು ಹೋದಳು. ಲಾಮೇ ಅವಳ ಕೈಯಿಂದ ಫೋನು ತೆಗೆದುಕೊಂಡಳು.

"ಇದನ್ನ ನಾನು ಕೇಳಿಸ್ಕೋತೀನಿ. ನೀನು ಹೋಗಿ ಓದ್ಕೋ. ಬಟ್ಟಲು ಹಾಗೇ ಇರ್ಲಿ, ನಾನು ತೊಳೀತೀನಿ."